ಹೊಲಿಗೆ ಕೋಣೆಯ ಕಾಯಂ ನಿವಾಸಿ

ಡೆಟ್ರಾಯಿಟ್, ಮಂಗಳವಾರ

ಪ್ರೀತಿಯ ವರ್ಲೀನ್ ಚಿಕ್ಕಮ್ಮನಿಗೆ,

ಕಾಗದಪತ್ರಗಳ ಪ್ರಕಾರ ಆರು ವರ್ಷದಿಂದ ಇಪ್ಸಿಲಾಂಟಿಯ ನಿಮ್ಮ ಹೊಲಿಗೆ ಕೋಣೆಯಲ್ಲೇ ವಾಸವಾಗಿರುವ ನಾನು, ನನ್ನ ಮನೆಯಿಂದ ಬರೆಯುತ್ತಿದ್ದೇನೆ. ನಿಮ್ಮೂರಿನ ವಿಳಾಸಕ್ಕೆ ಕಾರಿನ ವಿಮೆ ಅಗ್ಗವೆಂದು ಅದನ್ನೇ ಕೊಟ್ಟಿದ್ದೆ. ಉಳಿದ ದುಡ್ಡಿನಲ್ಲಿ ನನ್ನ ಹೆಂಡತಿ ಒಡೆಸ್ಸಾ, ವಿಮೆಯ ಅರ್ಜಿಯಲ್ಲಿ ಎಲ್ಲಕ್ಕಿಂತ ಮೇಲಿನ ಚೌಕಕ್ಕೆ ಗುರುತು ಹಾಕಿಸಿದಳು: ಮಿತಿಯಿಲ್ಲದ ಚಿಕಿತ್ಸೆ, ಜೀವಮಾನಪೂರ್ತಿ. "ಮೇಲಿಂದೇ ಹಾಕು ಮಾರಾಯ, ನೀನು ಗಾಡಿ ಓಡ್ಸೋ ಚಂದ ನಂಗೊತ್ತು" ಅಂದಿದ್ದಳು.

ಆಸ್ಪತ್ರೆಯಲ್ಲಿ ಅವಳಿಗಿನ್ನೂ ಎಚ್ಚರವಾಗಿಲ್ಲ. ಶನಿವಾರ ಕಾರು ಗುದ್ದಿದಾಗ ಓಡಿಸುತ್ತಿದ್ದವನು ನಾನೇ.

ನಮ್ಮ ಮಿಷಿಗನ್ನಿನ ಕಾನೂನು ಬಹಳ ಉದಾರಿ. ಚಿಕಿತ್ಸೆ ಕೊಡಲು ತಪ್ಪು ಯಾರದೆಂದು ಕೇಳುವುದಿಲ್ಲ. ನೀವು ಎಲ್ಲಿ ಮಲಗುತ್ತೀರಿ ಎಂದು ಮಾತ್ರ ಕೇಳುತ್ತಾರೆ. ಅದನ್ನು ಕೇಳಲು ವಿಮೆಯವರು ಗುರುವಾರ ನಿಮ್ಮಲ್ಲಿಗೆ ಬರುತ್ತಾರೆ. ನಾನಲ್ಲಿ ಇಲ್ಲವೆಂದಾದರೆ ಅವಳ ಚಿಕಿತ್ಸೆ ನಿಂತೀತು.

ಚರ್ಚಿನಲ್ಲಿ ಮೊದಲ ಸಾಲಿನಲ್ಲಿ ಕೂರುವ ನಿಮಗೆ ಸುಳ್ಳು ಹೇಳಿ ಎನ್ನಲಾರೆ. ಮಂಚದ ಮೇಲಿನ ಬಟ್ಟೆಯ ರಾಶಿಯನ್ನಷ್ಟೇ ತೆಗೆಯಿರಿ. ನಾಳೆ ಪೆಟ್ಟಿಗೆ ಸಮೇತ ಬರುತ್ತೇನೆ. ಹಲ್ಲುಜ್ಜುವ ಬ್ರಷ್ ಕೊಳ್ಳಬೇಡಿ, ನನ್ನದನ್ನೇ ತರುತ್ತೇನೆ. ಇಲ್ಲಿ ಅದು ಅವಳ ಬ್ರಷ್ಷಿನ ಪಕ್ಕದಲ್ಲಿದೆ. ಮೂರು ದಿನದಿಂದ ನಾನು ಹಲ್ಲುಜ್ಜಿಲ್ಲ.

ನಿಮ್ಮ ಬಾಡಿಗೆಯಿಲ್ಲದ ಬಾಡಿಗೆದಾರ,
ಕ್ಲಿಯೋಫಸ್