ಸೆನ್ಸರಿಗೆ ಅಂಗಿ ಬೇಡ

ಅಮ್ಮಾ,

ಫ್ಲಾಸ್ಕಿನಲ್ಲಿ ಕಾಫಿ ಇದೆ. ಕುಡಿದು ಆಮೇಲೆ ಓದು, ನಾನು ಸಿಟ್ಟಿನಲ್ಲಿದ್ದೀನಿ.

ನಿನ್ನೆ ಕಣ್ಣಿನ ಡಾಕ್ಟರು ಫೋನ್ ಮಾಡಿದ್ದರು. "ನಿಮ್ಮಮ್ಮ ಹಗಲೆಲ್ಲ ಮಲಗೇ ಇರ್ತಾರಾ? ಸೆನ್ಸರಿನಲ್ಲಿ ಬರೀ ಕತ್ತಲೆ ದಾಖಲಾಗಿದೆಯಲ್ಲ" ಅಂದರು. ದಿನವಿಡೀ ಹೊಲಿಗೆ ಮಿಷನ್ ತುಳಿಯೋ ನೀನು ಮಲಗೋದಾ! ನನಗೆ ತಲೆಬುಡ ತಿಳಿಯಲಿಲ್ಲ. ಈಗ, ನೀನು ಏಳೋ ಮೊದಲು ನಿನ್ನ ಕನ್ನಡಕ ಒರೆಸೋಣ ಅಂತ ತೆಗೆದರೆ, ಅದರ ಕಡ್ಡಿಗೆ ಅವರು ಸಿಕ್ಕಿಸಿಕೊಟ್ಟ ಸೆನ್ಸರಿಗೆ ಕರಿ ಬಟ್ಟೆಯ ಚೀಲ!

ನೀನು ರಿಮೋಟಿಗೆ ಅಂಗಿ ಹೊಲಿದೆ, ಮಿಕ್ಸಿಗೆ ಹೊಲಿದೆ, ನಾನು ಬಾಯಿ ಮುಚ್ಚಿಕೊಂಡಿದ್ದೆ. ಇದು ಬೆಳಕು ನೋಡಬೇಕು ಕಣಮ್ಮ. ಬಟ್ಟೇನ ಕಣ್ಣಿಗೆ ಎಷ್ಟು ಹತ್ತಿರ ಹಿಡೀತೀಯ, ಯಾವಾಗ ದೀಪ ಆರಿಸಿ ಮಲಗ್ತೀಯ ಅಂತ ಅಳೆಯಬೇಕು. ಧೂಳು ಕೂತರೆ ಕೂರಲಿ. ಗೀರು ಬಿದ್ದರೆ ಡಾಕ್ಟರು ನನ್ನನ್ನು ಬೈಯಲಿ.

ಇನ್ನೊಂದು ವಾರ ಹಾಕಿಕೋಬೇಕಂತೆ. ದಯವಿಟ್ಟು ಅದನ್ನ ಬತ್ತಲೆ ಬಿಡು.

ಚೀಲಕ್ಕೆ ಕತ್ತರಿ ಹಾಕೋಕೆ ಹೋದೆ, ಕೈ ಬರಲಿಲ್ಲ. ಬಿಚ್ಚಿ ಮೇಜಿನ ಮೇಲಿಟ್ಟಿದ್ದೀನಿ. ಅದರ ಮೇಲೆ ನೀನು ಕಸೂತಿ ಹಾಕಿದ ಸಾಸಿವೆ ಕಾಳಿನಷ್ಟು ಹೂವು, ಅದಕ್ಕೂ ಐದು ಎಸಳು! ನಿನ್ನ ಕಣ್ಣು ಯಾಕೆ ಹಾಳಾಗ್ತಿದೆ ಅಂತ ತಿಳಿಯೋಕೆ ಯಾವ ಸೆನ್ಸರೂ ಬೇಡ. ಡಾಕ್ಟರಿಗೆ ಆ ಹೂವು ತೋರಿಸಿದರೆ ಸಾಕು.