ದೊರೆಯ ಏಳು ಜಾಗಗಳು

ಮೇ 12, ಮಂಗಳವಾರ. ಬೆಳಿಗ್ಗೆ

ಈಜಿ ಬಂದೆ. ಇಲ್ಲಿಯ ಸಮುದ್ರ ದಡದಲ್ಲಿ ಬಲು ಸಾಧು. ಹತ್ತು ಮಾರು ಒಳಗೆ ಹೋದರೆ ಕಾಲು ಹಿಡಿದು ಎಳೆಯುತ್ತದೆ. ನನ್ನ ಈಜುಕೊಳದ ಮಕ್ಕಳನ್ನು ಇಲ್ಲಿಗೆ ಕರೆತಂದರೆ ಅರ್ಧ ಜನರನ್ನು ಜುಟ್ಟು ಹಿಡಿದೇ ಆಚೆ ತರಬೇಕಾದೀತು.

ರಜೆಯಲ್ಲೂ ಕೊರಳಲ್ಲಿ ಶಿಳ್ಳೆ. ತಂಗಿ ನೋಡಿ ನಕ್ಕಳು. "ಅಕ್ಕ, ಸ್ನಾನಕ್ಕೂ ಅದನ್ನ ಹಾಕ್ಕೊಂಡೇ ಹೋಗ್ತೀಯಾ?" ಹೂಂ ಅಂದೆ. ಇಷ್ಟು ವರ್ಷ ಕೋಚ್ ಆಗಿದ್ದವಳಿಗೆ ಕತ್ತು ಬರಿದಾಗಿದ್ದರೆ ಮೈ ಮೇಲೆ ಬಟ್ಟೆ ಇಲ್ಲದ ಹಾಗೆ. ಗುಬ್ಬಿ ನಕ್ಕಿದ್ದು ಈ ಪ್ರವಾಸದಲ್ಲಿ ಅದೊಂದೇ ಸಲ... ಹುಟ್ಟಿದಾಗ ಅಂಗೈಯಷ್ಟಿದ್ದಳು, ಅದಕ್ಕೆ ಗುಬ್ಬಿ. ಈಗಲೂ ಮಹಾ ಏನೂ ಬೆಳೆದಿಲ್ಲ.

ಅವಳ ಗಂಡನಿಗೆ ದೊರೆ ಅಂತ ಹೆಸರಿಟ್ಟವಳೂ ನಾನೇ. ಮದುವೆ ಮನೆಯಲ್ಲಿ ಖಾಲಿ ಕುರ್ಚಿಗಳ ಮಧ್ಯೆ ನಿಂತೇ ಇದ್ದ, ಯಾರಾದರೂ ಎಳೆದು ಕೊಡುವ ತನಕ. ಕನ್ನಡಕದ ಅಂಗಡಿ ಇದೆ. ಗಿರಾಕಿಗಳ ಜೊತೆ ಮಾತು ಬೆಣ್ಣೆ. ಮೊಬೈಲಿನಲ್ಲಿ ಏಳು ಜಾಗ ಗುರುತು ಹಾಕಿಕೊಂಡು ಬಂದಿದ್ದಾನೆ — ಸಮುದ್ರದೂರಿನಲ್ಲಿ ಆರಾಮಾಗಿ ನೋಡಬೇಕಾದವು. ಪ್ರತಿ ಜಾಗದಲ್ಲೂ ಹೆಂಡತಿಯ ಫೋಟೋ ಆಗಬೇಕು.

ನಾನ್ಯಾಕೆ ಇಲ್ಲಿ? ಗುಬ್ಬಿ ಫೋನು ಮಾಡಿ "ನೀನೂ ಬಾ ಅಕ್ಕ, ಯಾಕೆ ಅಂತ ಕೇಳ್ಬೇಡ" ಅಂದಳು. ಕೇಳಲಿಲ್ಲ. ಪೆದ್ದಿ ನಾನು.

ಅದೇ ದಿನ, ಸಂಜೆ

ಒಂದನೆಯ ಜಾಗ: ದೀಪಸ್ತಂಭ. ಸುರುಳಿ ಮೆಟ್ಟಿಲು, ಉಪ್ಪು ತಿಂದ ಕಂಬಿ, ಮೇಲೆ ಹೋದರೆ ಟೋಪಿ ಹಾರಿಸುವ ಗಾಳಿ. ನನಗೆ ಇಷ್ಟವಾಯಿತು. ಗುಬ್ಬಿ ಅರ್ಧದಲ್ಲೇ ನಿಂತು ಪಕ್ಕೆ ಹಿಡಿದುಕೊಂಡಳು. ಮೂವತ್ತೂ ತುಂಬಿಲ್ಲ ಹುಡುಗಿಗೆ!

"ತಿಂದು ತಿಂದು ಮಲಗಿದ್ರೆ ಇನ್ನೇನಾಗತ್ತೆ" ಅಂದ ದೊರೆ. ಮೇಲೆ ಹೋದ ಮೇಲೆ, "ನಗು. ಹಲ್ಲು ಕಾಣ್ಲಿ."

ಕಾಣಿಸಿದಳು.

ಮೇ 13, ಬುಧವಾರ. ಮಧ್ಯಾಹ್ನ

ಎರಡನೆಯದು ದೋಣಿ ಕಟ್ಟುವ ಜೆಟ್ಟಿಯ ಹಿಂದಿನ ನಿಂತ ನೀರು. ಈ ಊರಲ್ಲಿ ಈಜು ಕಲಿಸಲು ನಾನು ಪಾಸು ಮಾಡಿದ ಜಾಗ ಇದು. ಸೊಂಟದ ಮಟ್ಟ, ತಳದ ಮರಳು ಕಾಣುತ್ತದೆ. ದೊರೆ ದಡದಲ್ಲಿ ಕಾಲು ಚಾಚಿ ಫೋನಿನಲ್ಲಿದ್ದ. ಗುಬ್ಬಿಗೆ ತೇಲುವುದು ಹೇಳಿಕೊಡಲು ಬೆನ್ನ ಕೆಳಗೆ ಕೈ ಇಟ್ಟೆ. ಚೀರಿದಳು. ಉದ್ದ ತೋಳಿನ ಬಿಳಿ ಅಂಗಿ ಒದ್ದೆಯಾಗಿ ಮೈಗಂಟಿತ್ತು. ಒಳಗೆ ನೇರಳೆ, ಹಳದಿ, ಮತ್ತೆ ನೇರಳೆ.

"ಏನಿದು?"

"ಬಾಗಿಲು ತಾಗ್ತು."

"ಬಾಗಿಲಿಗೆ ಐದು ಬೆರಳಿತ್ತಾ?"

ದಡದ ಕಡೆ ನೋಡಿದಳು. ಆಮೇಲೆ, "ಮೆಲ್ಲಗೆ ಮಾತಾಡು. ಅವನಿಗೆ ಕೇಳ್ಸತ್ತೆ."

ಊಟ ಸೇರಲಿಲ್ಲ. ಅವನು ಮಾತ್ರ ಎರಡು ಸಲ ಬಡಿಸಿಕೊಂಡ.

ಮೇ 14, ಗುರುವಾರ. ಬೆಳಿಗ್ಗೆ ಹತ್ತು

ಹೊಡೆದೆ.

ಮೂರನೆಯ ಜಾಗ ಮೀನು ಮಾರುಕಟ್ಟೆ. ಮೀನು ಕೊಚ್ಚುವ ಹೆಂಗಸು ಏನೋ ತಮಾಷೆ ಮಾಡಿದಳು, ಗುಬ್ಬಿಯೂ ತಿರುಗಿ ಏನೋ ಅಂದಳು. ಅಷ್ಟೇ. ದೊರೆ ನಗುನಗುತ್ತಲೇ ಅವಳ ಮೊಣಕೈ ಹಿಂದಿನ ಮಾಂಸ ಹಿಡಿದು ತಿರುಚಿದ. ಗುಬ್ಬಿಯ ಕಣ್ಣಲ್ಲಿ ನೀರು ಚಿಮ್ಮಿತು. ನನ್ನ ಮುಷ್ಟಿ ಅವನ ಮೂಗಿನ ಮೇಲಿತ್ತು. ಕಟ್ ಅಂತು. ಅಂಗಿ ತುಂಬ ರಕ್ತ, ಕೆಳಗೂ ಮೀನಿನ ರಕ್ತ, ಯಾರದ್ದು ಯಾವುದೋ. ಕೊಚ್ಚುವವಳು ಕತ್ತಿ ಎತ್ತಿ ಹಿಡಿದು "ಇನ್ನೊಂದು ಬಿಡಕ್ಕಾ!" ಅಂದಳು. ಎಷ್ಟು ಹಿತವಾಯಿತು ಅಂದರೆ ಬರೆಯಲು ನಾಚಿಕೆ.

ಅವನು ಕೂಗಾಡಲಿಲ್ಲ. ಕರವಸ್ತ್ರದಲ್ಲಿ ಮೂಗು ಒತ್ತಿಕೊಂಡು, "ಅಕ್ಕನ ಕೈ ಸ್ಟ್ರಾಂಗು" ಅಂದ. ಗುಬ್ಬಿಯನ್ನು ಆಟೋ ಹತ್ತಿಸಿಕೊಂಡು ಹೋದ. ನನಗೆ ಅದರಲ್ಲಿ ಜಾಗ ಇರಲಿಲ್ಲವಂತೆ.

ಮೇ 17, ಭಾನುವಾರ. ಸಂಜೆ

ಎರಡು ದಿನ ಅವರ ರೂಮಿನ ಬಾಗಿಲು ತೆರೆಯಲಿಲ್ಲ. ಬಡಿದೆ, ಒದ್ದೆ. ಒಳಗಿಂದ "ಜ್ವರ ಅಕ್ಕ, ಮಲಗಿದೀನಿ" ಅಂತ ಗುಬ್ಬಿ. ಲಾಡ್ಜಿನ ಮ್ಯಾನೇಜರು ಬಂದು, ಗಂಡ ಹೆಂಡತಿ ವಿಷಯ ಮೇಡಂ, ಗಲಾಟೆ ಮಾಡಿದರೆ ನಿಮ್ಮನ್ನೇ ಖಾಲಿ ಮಾಡಿಸಬೇಕಾಗುತ್ತೆ ಅಂದ. ಪೊಲೀಸಿಗೆ ಫೋನು ಮಾಡಿದೆ. ಒಬ್ಬ ಬಂದ. ಗುಬ್ಬಿ ಅರ್ಧ ಬಾಗಿಲಲ್ಲಿ ನಿಂತು "ನನಗೇನೂ ಆಗಿಲ್ಲ ಸಾರ್" ಅಂದಳು. ದೊರೆ ತನ್ನ ಊದಿದ ಮೂಗು ತೋರಿಸಿದ. ಪೊಲೀಸಿನವನು ನನಗೇ ಬುದ್ಧಿ ಹೇಳಿ ಹೋದ.

ಇವತ್ತು ದೊರೆ ಕ್ಷೌರಕ್ಕೆ ಹೋದಾಗ ಸಿಕ್ಕಳು. ಎಡಗೈಯ ಎರಡು ಬೆರಳಿಗೆ ಪಟ್ಟಿ. ಅವನೇ ಮುರಿದದ್ದಂತೆ. ಒಂದೊಂದಾಗಿ.

"ನಿನ್ನ ಕೈ ತಣ್ಣಗಾಯ್ತಲ್ಲ ಅಕ್ಕ. ನನ್ನ ಮೈ ನೋಡು ಈಗ."

ತಬ್ಬಿಕೊಳ್ಳೋಣ ಅಂದರೆ ಎಲ್ಲಿ ಮುಟ್ಟಬೇಕೋ ತಿಳಿಯಲಿಲ್ಲ. ಅವಳೇ ಮಾತಾಡಿದಳು. ಊರಿಗೆ ಹೋದ ಮೇಲೆ ನನ್ನ ಜೊತೆ ಮಾತು ಬಂದ್, ಅಮ್ಮನ ಜೊತೆಯೂ ಬಂದ್, ಮನೆಗೆ ಹೊರಗಿನಿಂದ ಬೀಗ — ಅಂತ ಹೇಳಿದ್ದಾನಂತೆ. "ಆ ಮನೆಗೆ ವಾಪಸ್ ಹೋದ್ರೆ ನಾನು ಜೀವಂತ ಆಚೆ ಬರಲ್ಲ. ಹೆದರ್ಸೋಕೆ ಹೇಳ್ತಿಲ್ಲ ಅಕ್ಕ, ನಿಜ."

ಅಮ್ಮನಿಗೆ ಫೋನು ಮಾಡಿದೆ. "ಮದುವೆ ಆಗದೋಳಿಗೆ ಸಂಸಾರ ಏನ್ ಗೊತ್ತಾಗತ್ತೆ? ಅಳಿಯಂದ್ರು ಎಷ್ಟು ಒಳ್ಳೇವ್ರು, ಫೋಟೋ ನೋಡ್ದೆ, ಮೂಗು ತೂರಿಸ್ಬೇಡ ನೀನು." ಕಟ್ ಮಾಡಿದೆ.

ನಿರ್ಧಾರ: ಮಂಗಳವಾರ ಕರಿಬಂಡೆಗೆ ಹೋಗುತ್ತೇವೆ, ಅವನ ಆರನೆಯ ಜಾಗ. ಪಕ್ಕದಲ್ಲೇ ಬಸ್ ಸ್ಟ್ಯಾಂಡು. ಅವನು ಫೋಟೋದಲ್ಲಿ ಮುಳುಗಿದಾಗ ಇಬ್ಬರೂ ಬಸ್ಸು ಹತ್ತುವುದು. ನನ್ನ ಮನೆ, ಆಮೇಲೆ ವಕೀಲರು.

ಅವನು ವಾಪಸ್ ಬರುವ ಮುಂಚೆ ಲಾಡ್ಜಿನ ಬಿಸಿಲು ಮಚ್ಚಿನಲ್ಲಿ ಗುಬ್ಬಿಗೆ ಹಿಡಿತ ಬಿಡಿಸಿಕೊಳ್ಳುವುದನ್ನು ಹೇಳಿಕೊಟ್ಟೆ. ಮುಳುಗುವವನು ಕತ್ತು ಹಿಡಿದರೆ ನಾವು ಮಾಡುವುದು ಅದೇ: ಗಲ್ಲ ಎದೆಗೆ ಒತ್ತು, ಮೊಣಕಾಲು ಬಗ್ಗಿಸು, ಅವನ ತೋಳಿನ ಕೆಳಗೆ ನುಗ್ಗು, ಮೊಣಕೈಯಲ್ಲಿ ಪಕ್ಕೆಗೆ ಕೊಡು. ನಾನು ದೊರೆ ಆದೆ. ಅವಳು ನನ್ನನ್ನು ಗೋಡೆಗೆ ಅಪ್ಪಳಿಸಿದಳು. ಭುಜ ಇನ್ನೂ ನೋಯುತ್ತಿದೆ. ಭೇಷ್ ಗುಬ್ಬಿ!

ಮೇ 18, ಸೋಮವಾರ

ಒಂದೇ ದಿನಕ್ಕೆ ನಾಲ್ಕನೆಯ, ಐದನೆಯ ಜಾಗ ಮುಗಿಸಿದ ದೊರೆ. ನನ್ನನ್ನೂ ಕರೆದ, ಅಮ್ಮನಿಗೆ ಕಳಿಸುವ ಫೋಟೋದಲ್ಲಿ ಅಕ್ಕನೂ ಇರಬೇಕಂತೆ. ಕಪ್ಪೆಚಿಪ್ಪಿನ ಅಂಗಡಿ ಬೀದಿ, ಆಮೇಲೆ ದೋಣಿ ಸವಾರಿ. ಗುಬ್ಬಿಗೆ ಚಿಪ್ಪಿನ ಸರ ಕೊಡಿಸಿ ತಾನೇ ಹಾಕಿದ. ದೋಣಿಯಲ್ಲಿ ಉದ್ದಕ್ಕೂ ಅವಳ ಪಟ್ಟಿ ಕಟ್ಟಿದ ಬೆರಳನ್ನೇ ಹಿಡಿದು ಕೂತಿದ್ದ. ಅಲೆ ಎತ್ತಿ ಹಾಕಿದಾಗೆಲ್ಲ ಹಿಂಡುತ್ತಿದ್ದ. ಎದುರಿಗಿದ್ದ ಅಜ್ಜಿ "ಎಂಥ ಜೋಡಿ" ಅಂದರು. ನಾನು ಹಲ್ಲು ಕಚ್ಚಿ ಕೂತೆ. ನಾಳೆ ಒಂದು ದಿನ. ಕೈಯೇ, ಸುಮ್ಮನಿರು.

ಮೇ 19, ಮಂಗಳವಾರ. ಸಂಜೆ

ಎಲ್ಲಿಂದ ಶುರು ಮಾಡಲಿ.

ಕರಿಬಂಡೆ ಕಡಲೊಳಗೆ ಚಾಚಿದ ಕಲ್ಲು. ಕೆಳಗೆ ನೀರು ಕುದಿಯುತ್ತದೆ. ಚೆನ್ನಾಗಿದೆ ಜಾಗ, ಸುಳ್ಳು ಹೇಳಬಾರದು. ಹತ್ತಾರು ಜನ ಇದ್ದರು, ಬಲೆ ಒಣಗಿಸುವವರೂ ಇದ್ದರು. ದೊರೆ ಫೋಟೋ ತೆಗೆಯುವ ಮುಂಚೆ ಗುಬ್ಬಿಯ ಹೆಗಲ ಚೀಲ ಇಳಿಸಿದ, ಚಿತ್ರಕ್ಕೆ ಚಂದ ಕಾಣಲ್ಲ ಅಂತ. ತೂಕ ನೋಡಿ ಜಿಪ್ ಎಳೆದ. ಬಟ್ಟೆ. ಎಲ್ಲ ಬಟ್ಟೆ.

ಜಡೆ ಹಿಡಿದ. ಇಷ್ಟು ದಿನ ಯಾರಿಗೂ ಕಾಣದ ಹಾಗೆ ಹೊಡೆಯುತ್ತಿದ್ದವನು ಜನರೆದುರೇ ಬಂಡೆಯ ಅಂಚಿಗೆ ದರದರ ಎಳೆದುಕೊಂಡು ಹೋದ. "ಹೋಗ್ತೀಯಾ? ಹೋಗು! ಇಲ್ಲಿಂದ ಹೋಗು!" ಅವಳ ಮಂಡಿ ಕಲ್ಲಿಗೆ ಉಜ್ಜಿ ಚರ್ಮ ಕಿತ್ತುಬಂದಿತ್ತು. ನಾನು ಓಡುತ್ತಿದ್ದೆ. ತಲುಪುವ ಮುಂಚೆ ಗುಬ್ಬಿ ಗಲ್ಲ ಎದೆಗೊತ್ತಿದಳು. ಮೊಣಕಾಲು ಬಗ್ಗಿಸಿದಳು. ತೋಳಿನ ಕೆಳಗೆ ನುಗ್ಗಿ ಮೊಣಕೈ ಬೀಸಿದಳು.

ದೊರೆ ಹೋದ. ತಲೆ ಒಮ್ಮೆ ಕಲ್ಲಿಗೆ ಬಡಿಯಿತು. ಆಮೇಲೆ ನೀರು.

ಮುಗಿದೇ ಹೋಗಿತ್ತು. ಏನೂ ಮಾಡದೆ ನಿಂತಿದ್ದರೆ ಸಾಕಿತ್ತು. ಆದರೆ ಶಿಳ್ಳೆ ನನ್ನ ಬಾಯಲ್ಲಿತ್ತು, ಊದಿಯೂ ಆಗಿತ್ತು, ನಾನು ಗಾಳಿಯಲ್ಲಿದ್ದೆ. ಯೋಚನೆ ಬಂದಿದ್ದು ನೀರಿಗೆ ಬಿದ್ದ ಮೇಲೆ. ಅಷ್ಟರಲ್ಲಿ ಹಿಂದಿನಿಂದ ಅವನ ಗಲ್ಲದ ಕೆಳಗೆ ಕೈ ಹಾಕಿದ್ದೆ. ಹೊರಳಿ ನನ್ನ ಕತ್ತು ಹಿಡಿದ. ನೀರು ಕುಡಿದೆ. ಮುಖಕ್ಕೆ ಗುದ್ದಿ ಬಿಡಿಸಿಕೊಂಡು ಮತ್ತೆ ಹಿಡಿದೆ. ಅವನು ಕಿವಿಯ ಹತ್ತಿರ ಒಂದು ಮಾತು ಹೇಳಿದ. ಕೇಳಿಸಿತು. ಆದರೂ ಎಳೆದೆ.

ಬಲೆಯವರು ಹಗ್ಗ ಬಿಟ್ಟರು. ಮೇಲೆ ಬಂದಾಗ ಅವನಿಗೆ ಉಸಿರಿಲ್ಲ. ಎದೆ ಒತ್ತಿದೆ. ಅಂಗೈ ಕೆಳಗೆ ಅವನ ಪಕ್ಕೆಲುಬು ಲಟಕ್ಕೆಂದಿತು, ಮತ್ತೊಂದು. ಒತ್ತುತ್ತಲೇ ಹೋದೆ. ಕೆಮ್ಮಿ ಕಾರಿಕೊಂಡ. ಜನ ಚಪ್ಪಾಳೆ ಹೊಡೆದರು. ಗುಬ್ಬಿ ಮೊಣಕೈ ಬೀಸಿದಾಗಿನಿಂದ ಯಾರೋ ವಿಡಿಯೋ ಮಾಡಿದ್ದರು.

ಗುಬ್ಬಿ ಅಲ್ಲೇ ಕೂತಿದ್ದಳು, ಮಂಡಿಯಿಂದ ರಕ್ತ ಇಳಿಯುತ್ತಿತ್ತು.

"ಯಾಕಕ್ಕ?"

"ಗೊತ್ತಿಲ್ಲ ಕಣೇ. ಕಾಲು ಹಾರಿಬಿಡ್ತು."

"ನಿನ್ನ ಕಾಲಿಗೆ ನಾನು ತಂಗಿ ಅಲ್ವಾ?"

ಬಸ್ಸು ಹಾರ್ನ್ ಹಾಕಿ ಹೋಯಿತು.

ಮೇ 20, ಬುಧವಾರ. ಬೆಳಿಗ್ಗೆ

ಸಣ್ಣ ಆಸ್ಪತ್ರೆ. ಎರಡೇ ವಾರ್ಡು, ಒಂದರಲ್ಲಿ ದೊರೆಯೊಬ್ಬನೇ. ದೊರೆಗೆ ಡ್ರಿಪ್ಪು, ಎದೆಗೆ ಪಟ್ಟಿ, ಎದ್ದು ಕೂರಲೂ ಆಗದು. ಬಾಯಿ ಮಾತ್ರ ನೆಟ್ಟಗಿದೆ. ಡಾಕ್ಟರೆದುರು ಕೈ ಮುಗಿದ. "ಅಕ್ಕ ಇಲ್ದಿದ್ರೆ ನಾನಿಲ್ಲ." ಡಾಕ್ಟರು ಹೋದ ಮೇಲೆ ಗುಬ್ಬಿಗೆ ಹೇಳಿದ — ಬಾಯಿ ಮುಚ್ಚಿಕೊಂಡು ಮನೆಗೆ ಬಾ, ಇಲ್ಲದಿದ್ದರೆ ನೀನೇ ತಳ್ಳಿದೆ ಅಂತ ಕಂಪ್ಲೇಂಟು. ವಿಡಿಯೋ ಇದೆಯಲ್ಲ. ನಾಳೆ ಸಂಜೆ ಡಿಸ್ಚಾರ್ಜು.

ಅಮ್ಮನೂ ವಿಡಿಯೋ ನೋಡಿದ್ದಾಳೆ. ಅತ್ತಳು. "ನಿನ್ನ ತಂಗಿ ಬಾಳು ಉಳಿಸ್ದೆ ಮಗಳೇ." ಫೋನನ್ನು ಗೋಡೆಗೆ ಎಸೆದೆ.

ಅದೇ ದಿನ, ಮಧ್ಯಾಹ್ನ ಎರಡು

ವಾರ್ಡಿನ ಹೊರಗಿನ ಬೆಂಚು. ನರ್ಸು ಊಟಕ್ಕೆ ಹೋದಳು.

ಗುಬ್ಬಿ ನಿನ್ನೆಯಿಂದ ಮಾತಾಡಿರಲಿಲ್ಲ. ಈಗ ಪಕ್ಕದಲ್ಲಿ ಬಂದು ಕೂತಳು. "ನೀರಲ್ಲಿ ಅವನು ನಿನ್ನ ಕಿವೀಲಿ ಏನೋ ಅಂದ. ಮೇಲಿಂದ ನೋಡ್ದೆ. ಏನಂದ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಅವಳನ್ನ ಸಾಯಿಸ್ತೀನಿ ಅಂದ."

"ಕೇಳಿಸ್ಕೊಂಡೂ ಎಳ್ಕೊಂಡು ಬಂದ್ಯಾ?"

"ಹೂಂ."

ಬೈಯಲಿಲ್ಲ, ಅಳಲಿಲ್ಲ. ಎದ್ದು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಈ ಸಲ ನೀನು ಬರಬೇಡ ಅಕ್ಕ." ಒಳಗೆ ಹೋದಳು. ಚಿಲಕ ಹಾಕಿದ ಸದ್ದಾಯಿತು.

ಅವನು ಏನೋ ಕೇಳಿದ. ಈಗ ಮಂಚ ಅಲುಗುವ ಸದ್ದು.

"ಅಕ್ಕಾ!" ಅವನೇ. ಗುಬ್ಬಿ ಅಲ್ಲ. "ಅಕ್ಕಾ, ಬನ್ನಿ!"

ಚಿಲಕ ಸಡಿಲ. ನನ್ನ ಭುಜದ ಒಂದು ಏಟಿಗೆ ಬಾಗಿಲು ಕಿತ್ತು ಬರುತ್ತದೆ. ಕಾಲು ಎದ್ದುಬಿಟ್ಟಿತ್ತು. ಕೂರಿಸಿದೆ. ಪೆನ್ನು ಬಿಟ್ಟರೆ ಓಡುತ್ತೇನೆ, ನನ್ನನ್ನು ನಾನು ಬಲ್ಲೆ, ಅದಕ್ಕೇ ಬರೆಯುತ್ತಿದ್ದೇನೆ. ಏನಾದರೂ ಬರೆಯಬೇಕು. ಗೋಡೆಗೆ ಹಸಿರು ಬಣ್ಣ. ಕಿಟಕಿಯ ಒಂದು ಗಾಜು ಒಡೆದಿದೆ, ರಟ್ಟು ಅಂಟಿಸಿದ್ದಾರೆ. ಬಕೆಟ್ಟು. ನೆಲ ಒರೆಸುವ ಬಟ್ಟೆ.

ಮತ್ತೆ ಕೂಗಿದ. ಮೊದಲಿನಷ್ಟು ದನಿ ಇಲ್ಲ, ಬಾಯಿ ಮುಚ್ಚಿದ ಹಾಗೆ. ಗೋಡೆಗೆ ಹಸಿರು ಬಣ್ಣ. ಬೆಂಚಿನ ಒಂದು ಕಾಲು ಮೋಟು. ಗೋಡೆಗೆ ಹಸಿರು