ಲೋಟ ತೊಳೆಯುವ ಸರದಿ

೩-೨-೨೦೦೩, ಸೋಮವಾರ

ಬೋಣಿ ಒಂದು ಇಡ್ಲಿ ಪಾತ್ರೆ. ಚೌಕಾಸಿ ಮಾಡಿಯೇ ಹೊತ್ತುಕೊಂಡು ಹೋದರು. ಪಾತ್ರೆ ಮೇಲೆ ಹೆಸರು ಕೊರೆಯುತ್ತಿದ್ದವನು ಬಿಟ್ಟುಹೋಗಿ ವಾರವಾಯಿತು. ಮದುವೆ ಸೀಸನ್ ಎದುರಿಗೇ ಇದೆ. ಹೆಸರು ಹಾಕಿಸದೆ ಪಾತ್ರೆ ಉಡುಗೊರೆ ಕೊಡುವ ಧಾರಾಳಿ ಅರಸೀಕೆರೆಯಲ್ಲಿ ಇನ್ನೂ ಹುಟ್ಟಿಲ್ಲ.

ಮಧ್ಯಾಹ್ನ ಒಬ್ಬಳು ಕೆಲಸ ಕೇಳಿಕೊಂಡು ಬಂದಳು. ಧನುಶ್ರೀ. ಜಾವಗಲ್. ಪಿಯುಸಿ ಪಾಸು. ಬರೆಸಿ ನೋಡಿದೆ — ಅಕ್ಷರ ಅಚ್ಚು ಹಾಕಿದ ಹಾಗೆ.

"ಯಾರ ಪೈಕಿನಮ್ಮ ನೀನು?" ಎಲ್ಲರನ್ನೂ ಕೇಳುವುದೇ. ಬಾಯಿ ತಾನೇ ಕೇಳುತ್ತದೆ.

"ತಮ್ಮಯ್ಯ ಮೇಷ್ಟ್ರ ಮಗಳು ಸಾರ್. ನಾವು ಬೌದ್ಧರು. ಮುಂಚೆ ಏನಾಗಿದ್ವಿ ಅಂತಾನೂ ಹೇಳ್ಲಾ?"

ನಕ್ಕುಬಿಟ್ಟೆ. ನಾಳೆಯಿಂದ ಬಾ ಅಂದೆ.

೪-೨, ರಾತ್ರಿ

ನಾಲ್ಕು ಗಂಟೆಯ ಟೀ ನಮ್ಮಂಗಡಿಯ ಪೂಜೆ ಇದ್ದ ಹಾಗೆ. ಸ್ಟೀಲ್ ಲೋಟ, ತೊಳೆಯುವುದು ಸರದಿ ಮೇಲೆ. ಕೆಲಸಕ್ಕಿರುವ ಏಕಾಂತಯ್ಯ, ಮೋಹನ್‌ಕುಮಾರ್, ಮತ್ತೆ ನಾನು. ಯಜಮಾನನಾದರೂ ಶನಿವಾರ ನನ್ನದೇ. ಸೈಕಲ್ ಮೇಲೆ ಪಾತ್ರೆ ಮಾರಿ ಮೇಲೆ ಬಂದವನು — ಆ ಜಂಬ ಬಿಟ್ಟಿಲ್ಲ.

ಇವತ್ತು ಟೀ ಹೊತ್ತಿಗೆ ಏಕಾಂತಯ್ಯ ಪಕ್ಕಕ್ಕೆ ಕರೆದ. "ಯಜಮಾನ್ರೇ... ಲೋಟದ್ದು ಏನ್ ಮಾಡಾನ?"

ಅಷ್ಟೇ ಕೇಳಿದ್ದು. ಅರ್ಥವಾಯಿತು. ಹುಡುಗಿ ತೊಳೆದ ಲೋಟದಲ್ಲಿ ಅವನು ಕುಡಿಯಲ್ಲ. ಅಂಗಡಿ ಶುರುವಾದಾಗಿನಿಂದ ಇರುವವನು, ಬಿಡಲಾಗದು. ಆ ಅಕ್ಷರವನ್ನೂ ಬಿಡಲಾಗದು.

೫-೨

ಯೂಸ್ ಅಂಡ್ ಥ್ರೋ ಪ್ಲಾಸ್ಟಿಕ್ ಕಪ್ ತಂದೆ. ನೂರರ ಕಟ್ಟು. "ಇವತ್ತಿಂದ ಎಲ್ಲರಿಗೂ ಇದೇ. ಹೈಜೀನ್" ಅಂದೆ. ಯಾರಿಗೂ ಬೇಜಾರಿಲ್ಲ, ಸರದಿಯೇ ಇಲ್ಲ!

ಧನುಶ್ರೀ ಗೋಡೆ ತುಂಬ ಜೋಡಿಸಿದ್ದ ಲೋಟಗಳನ್ನೊಮ್ಮೆ ನೋಡಿದಳು. "ಪಾತ್ರೆ ಅಂಗಡೀಲಿ ಲೋಟಕ್ಕೆ ಬರ ಬಂತಾ ಸಾರ್?"

ಎಲ್ಲರೂ ನಕ್ಕರು. ಜೋರಾಗಿ ನಕ್ಕವನು ನಾನು.

೨೩-೩, ಭಾನುವಾರ

ವರ್ತಕರ ಸಂಘದ ಸಭೆ. ಮೈಕ್ ಸಿಕ್ಕಿತು, ಬಿಡುತ್ತೇನೆಯೇ. "ನಮ್ಮಂಗಡೀಲಿ ಮೇಲಿಲ್ಲ, ಕೆಳಗಿಲ್ಲ. ಎಲ್ಲರಿಗೂ ಒಂದೇ ಕಪ್ಪು!" ಚಪ್ಪಾಳೆ.

ಮನೆಯಲ್ಲಿ ಹೆಂಡತಿ ಸಾವಿತ್ರಮ್ಮ ಸೊಪ್ಪು ಬಿಡಿಸುತ್ತ — "ಹಂಗಾದ್ರೆ ಆ ಹುಡುಗೀನ ಒಂದಿನ ಊಟಕ್ಕೆ ಕರ್ಕೊಂಡ್ ಬನ್ರೀ."

ಟೀವಿ ಸೌಂಡ್ ಜಾಸ್ತಿ ಮಾಡಿದೆ.

೫-೫

ಸೀಸನ್ ಜೋರು. ಧನುಶ್ರೀಗೆ ಅಣ್ಣ ಸಮ್ಯಕ್‌ನ ಮದುವೆಗೆ ರಜ, ಶುಕ್ರವಾರ ಬರುತ್ತಾಳೆ. ತಾಲ್ಲೂಕಿನ ಅರ್ಧ ಮನೆಗಳ ಅಡಿಗೆಕೋಣೆಯಲ್ಲಿ ಈಗ ಅವಳ ಅಕ್ಷರ.

ಸಂಜೆ ಕಪ್ಪಿನ ಟೀ ರುಚಿಸಲಿಲ್ಲ. ಅಟ್ಟದಿಂದ ಸ್ಟೀಲ್ ಲೋಟ ಇಳಿಸಿದೆ. ಇಳಿಸಿದವನು ನಾನೇ. ಬರೆದಿಡುತ್ತೇನೆ.

೮-೫, ಗುರುವಾರ

ಒಂದು ದಿನ ಮೊದಲೇ ಬಂದುಬಿಟ್ಟಳು. ಕೈಯಲ್ಲಿ ಮದುವೆಯ ಲಾಡು. ಸರಿಯಾಗಿ ನಾಲ್ಕು ಗಂಟೆಗೆ — ಗಲ್ಲಾದ ಮೇಲೆ ಮೂರು ಲೋಟ, ಹಬೆ ಆಡುತ್ತಿದೆ. ಮೋಹನ ತನ್ನದನ್ನು ಕೆಳಗೆ ಬಚ್ಚಿಟ್ಟ. ಪೆದ್ದ.

ಸೌಟು ಕೇಳಲು ಬಂದವರಿಗೆ ಕುಕ್ಕರ್ ಮಾರುವ ಬಾಯಿ ನನ್ನದು. ಅದಕ್ಕೆ ಸಿಕ್ಕಿದ ಮಾತು ಇದು: "ಬಾಮ್ಮ... ಕಪ್ ತಗೋ."

"ನನಗೆ ರಜ ಕೊಟ್ಟಾಗ ಹೈಜೀನ್‌ಗೂ ರಜ ಕೊಟ್ರಾ ಸಾರ್?"

ಉಳಿದಿದ್ದ ಒಂದು ಕೊಳಗಕ್ಕೆ ಹೆಸರು ಕೊರೆದು ಮುಗಿಸಿದಳು. ಮಿಷನ್ ಒರೆಸಿಟ್ಟಳು. ಲಾಡು ಅಲ್ಲೇ ಬಿಟ್ಟು ಬಸ್ಸಿಗೆ ಹೋದಳು.

ಲಾಡು ಹಾಗೇ ಇದೆ.

೧೨-೫

ಮೂರು ದಿನವಾದರೂ ಬರಲಿಲ್ಲ. ಬೆಳಿಗ್ಗೆ ಜಾವಗಲ್‌ಗೆ ಹೋದೆ. ದಾರಿಯುದ್ದ ಮಾತು ಜೋಡಿಸಿಕೊಂಡಿದ್ದೆ. ಬಾಗಿಲಲ್ಲೇ ಅವಳ ಅಜ್ಜಿ ಹನುಮಮ್ಮ.

"ಲಕ್ಕಪ್ಪ ಅಲ್ವೇನಪ್ಪ? ಸೈಕಲ್ ಮ್ಯಾಲೆ ಪಾತ್ರೆ ತತ್ತಿದ್ದಾಗಿಂದ ಕಂಡಿವ್ನಿ. ಕೂತ್ಕೊ."

ಒಳಗೆ ಟೀ ಕುದಿಯುವ ವಾಸನೆ. ಮನೆಯವರಿಗೆಲ್ಲ ಲೋಟದಲ್ಲಿ ಬಂತು. ನನಗೆ ಅಂಗಡಿಯಿಂದ ತರಿಸಿದ ಗೋಲಿ ಸೋಡಾ. ಗೋಲಿ ಇನ್ನೂ ಒತ್ತದ್ದು.

"ಬಿಸಿಲಲ್ಲಿ ಎಷ್ಟು ಸಲ ನೀರು ಕೊಟ್ಟೀನಿ, ಒಂದಿನ ಮುಟ್ಟಲಿಲ್ಲ ನೀನು. ಅದಕ್ಕೆ ಸೋಡಾ ತರುಸ್ದೆ ಕಣಪ್ಪ." ವ್ಯಂಗ್ಯವಿರಲಿಲ್ಲ. ಉಪಚಾರ. ಅದೇ ಇರಿದದ್ದು.

ಟೀ ಕೊಡಿ ಅನ್ನಬೇಕಿತ್ತು. ಸೋಡಾ ಕುಡಿದೆ.

ಧನುಶ್ರೀ ಎದುರಿಗೆ ಬಂದು ನಿಂತಳು. "ಕೆಲಸ ಬೇಕು ಸಾರ್, ಇಷ್ಟಾನೂ ಇದೆ. ಬರ್ತೀನಿ. ಆದ್ರೆ ಸ್ಟೀಲ್ ಲೋಟಾನೇ ಇರ್ಬೇಕು. ತೊಳೆಯೋ ಸರದೀಲಿ ನನಗೂ ಒಂದು ದಿನ. ಸೋಮವಾರ ನಂದು."

ಸಂಬಳ ಜಾಸ್ತಿ ಕೇಳಿದ್ದರೆ ಅಲ್ಲೇ ಹೂಂ ಅನ್ನುತ್ತಿದ್ದೆ. "ಏಕಾಂತಯ್ಯನ್ನ ಒಂದ್ಮಾತು ಕೇಳಿ..." ಅಂದೆ.

"ಕೇಳಿ ಸಾರ್" ಅಂದಳು.

೧೫-೫

ಕೇಳಲು ಮೂರು ದಿನ ಬೇಕಾಯಿತು. ಇವತ್ತು ಷಟರ್ ಎಳೆಯುವಾಗ ಕೇಳಿದೆ — ಹುಡುಗಿ ಲೋಟ ತೊಳೆದರೆ ನೀನು ಕುಡೀತೀಯೇನಯ್ಯ?

ಏಕಾಂತಯ್ಯ ಬೀಗ ಹಿಡಿದುಕೊಂಡೇ ನೋಡಿದ. "ಬಸ್ ಸ್ಟ್ಯಾಂಡ್ ಹೋಟ್ಲಲ್ಲಿ ದಿನಾ ಕುಡೀತೀನಿ. ಅಲ್ಲಿ ತೊಳಿಯೋನ್ನ ಯಾರ ಪೈಕಿ ಅಂತ ಕೇಳಕ್ಕೋಯ್ತೀನಾ?"

"ಮತ್ತೆ ಅವತ್ತು ಲೋಟದ್ದು ಏನ್ ಮಾಡಾನ ಅಂದಿದ್ದು?"

"ನೀವು ಕುಡಿಯಲ್ವೇನೋ ಅಂತ ಕೇಳ್ದೆ ಯಜಮಾನ್ರೇ. ಮಾರನೇ ದಿನವೇ ಕಪ್ ಹೊತ್ಕೊಂಡ್ ಬಂದ್ರಿ. ಸರಿ, ನನ್ನ ಲೆಕ್ಕ ಸರಿ ಐತೆ ಅಂದ್ಕೊಂಡೆ."

ಇಷ್ಟು ದಿನ ಅವನ ಖಾತೆಗೆ ಬರೆದದ್ದೆಲ್ಲ ನನ್ನದು.

೧೯-೫, ಸೋಮವಾರ, ಸಂಜೆ

ಬಂದಳು. ನಿನ್ನೆ ಮೋಹನನನ್ನು ಜಾವಗಲ್‌ಗೆ ಕಳಿಸಿ ಹೇಳಿಸಿದ್ದೆ. ನಾನೇ ಹೋಗುವ ಮುಖವಿರಲಿಲ್ಲ. ಮಿಕ್ಕ ಕಪ್ಪಿನ ಕಟ್ಟು ಕಸಕ್ಕೆ ಹಾಕಿದ್ದೆ.

ನಾಲ್ಕಕ್ಕೆ ನಲ್ಲಿಯ ಹತ್ತಿರ ಕೂತು ಲೋಟ ತೊಳೆದಳು. ಅವಸರವಿಲ್ಲ. ಕೊಡವಿ, ಗಲ್ಲಾದ ಮೇಲೆ ಸಾಲಾಗಿ ಇಟ್ಟಳು. ನಾಲ್ಕು. ಟೀ ಬಗ್ಗಿಸಿದಳು. ಏಕಾಂತಯ್ಯ ಸೊರ್ ಎಂದು ಎಳೆದ. ಮೋಹನ ಮುಗಿಸಿಯೂ ಬಿಟ್ಟ.

ನಾನು ಲೋಟ ಎತ್ತಿದೆ. ಬಾಯಿಯವರೆಗೂ ತಂದೆ. "ಬಿಸಿ" ಅಂತ ಕೆಳಗಿಟ್ಟೆ.

ಬಿಸಿ ಇರಲಿಲ್ಲ. ಅವಳಿಗೆ ಗೊತ್ತು, ಬಗ್ಗಿಸಿದವಳು ಅವಳೇ. ತನ್ನ ಲೋಟ ಮುಟ್ಟದೆ ನನ್ನನ್ನೇ ನೋಡುತ್ತ ನಿಂತಿದ್ದಳು. ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ಕಾಯುತ್ತಿದ್ದಳು.

ಮತ್ತೆ ಎತ್ತಿದೆ. ಅಂಚು ತುಟಿಗೆ ತಾಗಿತು. ಒಂದು ಗುಟುಕು ಒಳಗಿಳಿದ ಮೇಲೆ ಅವಳು ತನ್ನ ಲೋಟ ಎತ್ತಿಕೊಂಡಳು.